ಒಂದೂವರೆ ಮೀಟರ್ ಗೋಡೆ ಹಳ್ಳದ ಮೀನಿಗೆ ಇಷ್ಟೊಂದು ತೊಂದರೆ ಕೊಡುತ್ತದಾ?

#1 ಹಳ್ಳದಂಚು

ನಮಸ್ಕಾರ. ಸ್ವಲ್ಪ ಉದ್ದದ ಪೋಸ್ಟ್, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಜಮೀನಿನ ಅಂಚಿನಲ್ಲಿ ಒಂದು ಹಳ್ಳ ಇದೆ. ಎಂಟು ಹತ್ತು ಹೆಜ್ಜೆ ಅಗಲ. ಆರು ವರ್ಷದ ಹಿಂದೆ ನಾಲ್ಕು ಮನೆಯವರು ಸೇರಿ ಅದಕ್ಕೆ ಅಡ್ಡಲಾಗಿ ಒಂದೂವರೆ ಮೀಟರ್ ಎತ್ತರದ ಗೋಡೆ ಕಟ್ಟಿದೆವು. ನಡುವೆ ಎರಡು ಕಿಂಡಿ, ಕಿಂಡಿಗೆ ಮರದ ಹಲಗೆ. ಮಳೆ ಶುರುವಾದಾಗ ಹಲಗೆ ತೆಗೆಯುವುದು, ಮಳೆ ಮುಗಿದ ಮೇಲೆ ಹಾಕುವುದು ಅಂತ ಮಾತಾಗಿತ್ತು. ಎರಡು ವರ್ಷ ಹಾಗೇ ನಡೆಯಿತು. ಆಮೇಲೆ ಹಲಗೆಗಳು ನೀರು ಕುಡಿದು ಊದಿಕೊಂಡು ಕಚ್ಚಿ ಕೂತವು. ಯಾರೂ ತೆಗೆಯುವ ಗೋಜಿಗೆ ಹೋಗಲಿಲ್ಲ. ನಾನೂ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ಬಾವಿಯಲ್ಲಿ ನೀರು ಏರಿದೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳ್ಳ ಬೇರೆಯೇ ಆಗಿದೆ. ಮೊದಲು ಗೋಡೆಯ ಮೇಲ್ಭಾಗದಲ್ಲಿ ಕಲ್ಲಿಗೆ ಹೊಟ್ಟೆ ಅಂಟಿಸಿಕೊಂಡು ನಿಲ್ಲುವ ಸಣ್ಣ ಮೀನುಗಳಿದ್ದವು. ಈಗ ಒಂದೂ ಇಲ್ಲ. ಅವಿದ್ದ ಜಾಗದಲ್ಲಿ ಕೆರೆಯಲ್ಲಿ ಸಿಗುವಂಥ ಮೀನುಗಳಿವೆ. ಕಲ್ಲುಗಳ ಮೇಲೆ ಬೆರಳು ಇಟ್ಟರೆ ಗೆಣ್ಣು ಮುಳುಗುವಷ್ಟು ಕೆಸರು. ಹೋದ ವಾರ ಮೊದಲ ಮಳೆ ಬಂದಾಗ ಗೋಡೆಯ ಬುಡದಲ್ಲಿ ಮೀನುಗಳು ರಾಶಿ ಬಿದ್ದು ಜಿಗಿಯುತ್ತಿದ್ದವು. ಮಕ್ಕಳು ಬುಟ್ಟಿಯಲ್ಲಿ ಬಾಚಿಕೊಂಡು ಹೋದರು.

ಇದೆಲ್ಲ ಗೋಡೆಯಿಂದಲೇ ಆಗಿದ್ದಾ? ಅಥವಾ ಮಳೆ ಕಡಿಮೆಯಾಗಿದ್ದು, ಔಷಧಿ ಹೊಡೆದದ್ದು, ಬೇರೆ ಏನಾದರೂ ಕಾರಣವಾ? ಇಷ್ಟು ಚಿಕ್ಕ ಗೋಡೆ ಅಷ್ಟು ಮಾಡುತ್ತದೆ ಅಂತ ನಂಬುವುದು ಕಷ್ಟ.

#2 ಕೆಸರುಕಾಲು

ಬಾವಿಗೆ ನೀರು ಬಂತಲ್ಲ. ಮತ್ತೇನು ಬೇಕು ಸ್ವಾಮಿ?

#3 ಕಲ್ಲಡಿಯ ಹುಳ

ಹಳ್ಳದಂಚು ಅವರೇ, ನೀವು ನೋಡಿದ್ದು ಸರಿಯಾಗಿಯೇ ನೋಡಿದ್ದೀರಿ. ಹಳ್ಳದ ಜೀವಿಗಳನ್ನು ಎಣಿಸುವುದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಗೋಡೆಯ ಬುಡದಲ್ಲಿ ಜಿಗಿಯುತ್ತಿದ್ದ ಮೀನುಗಳು ಆಟ ಆಡುತ್ತಿರಲಿಲ್ಲ. ಹೊಸ ನೀರು ಬಂದಾಗ ಎಷ್ಟೋ ಜಾತಿಯ ಮೀನುಗಳು ಹರಿವಿಗೆ ಎದುರಾಗಿ ಮೇಲೆ ಹೋಗಿ ಮೊಟ್ಟೆ ಇಡುತ್ತವೆ. ಮೇಲಿನ ಸಣ್ಣ ಕವಲುಗಳಲ್ಲಿ ನೀರು ತೆಳು, ಜಲ್ಲಿ ಚೊಕ್ಕ, ದೊಡ್ಡ ಮೀನಿನ ಕಾಟ ಕಡಿಮೆ. ಆ ದಾರಿಗೆ ಅಡ್ಡ ನಿಮ್ಮ ಗೋಡೆ ಬಂದಿದೆ.

"ಇಷ್ಟು ಚಿಕ್ಕ ಗೋಡೆ" ಅಂದಿರಿ. ಯಾರಿಗೆ ಚಿಕ್ಕದು? ಹತ್ತು ಸೆಂಟಿಮೀಟರ್ ಮೀನಿಗೆ ಒಂದೂವರೆ ಮೀಟರ್ ಅಂದರೆ ಅದರ ಮೈಯ ಹದಿನೈದು ಪಟ್ಟು. ನಮ್ಮ ಲೆಕ್ಕದಲ್ಲಿ ಎಂಟು ಮಹಡಿ ಕಟ್ಟಡ. ಅದೂ ಓಡಿ ಬಂದು ಹಾರಲು ಜಾಗ ಇಲ್ಲದೆ. ಮೀನು ಜಿಗಿಯಬೇಕಾದರೆ ಬುಡದಲ್ಲಿ ಆಳದ ಗುಂಡಿ ಬೇಕು. ಇಂಥ ಗೋಡೆಗಳ ಬುಡದಲ್ಲಿ ಸಾಮಾನ್ಯವಾಗಿ ಕಾಂಕ್ರೀಟ್ ಹಾಸು ಇರುತ್ತದೆ, ಅದರ ಮೇಲೆ ಬೆರಳು ಮುಳುಗುವಷ್ಟೂ ನೀರಿರುವುದಿಲ್ಲ. ನಿಮ್ಮಲ್ಲೂ ಹಾಗೇ ಅಲ್ವಾ?

ಇನ್ನೊಂದು ಮಾತು. ಮೇಲಿನ ಮೀನು ನೆರೆಯಲ್ಲಿ ಕೆಳಗೆ ಕೊಚ್ಚಿಹೋಗುತ್ತದೆ. ವಾಪಸ್ ಬರಲು ಆಗುವುದಿಲ್ಲ. ಒಮ್ಮುಖ ರಸ್ತೆ. ಒಂದು ಬೇಸಿಗೆಯಲ್ಲಿ ಮೇಲ್ಭಾಗ ಪೂರ್ತಿ ಬತ್ತಿ ಮೀನೆಲ್ಲ ಸತ್ತರೆ, ಮೊದಲಾದರೆ ಮುಂದಿನ ಮಳೆಗೆ ಕೆಳಗಿನಿಂದ ಹೊಸ ಮೀನು ಬಂದು ತುಂಬಿಕೊಳ್ಳುತ್ತಿತ್ತು. ಈಗ ಅದು ಆಗುವುದಿಲ್ಲ. ಹಾಗಾಗಿ ಗೋಡೆ ಕಟ್ಟಿದ ವರ್ಷವೇ ವ್ಯತ್ಯಾಸ ಕಾಣದೇ ಇರಬಹುದು. ಯಾವುದೋ ಒಂದು ಕೆಟ್ಟ ಬೇಸಿಗೆಯ ನಂತರ ಒಮ್ಮೆಲೇ ಕಾಣುತ್ತದೆ.

#4 ಹಳ್ಳದಂಚು

ಹೌದು, ಕಾಂಕ್ರೀಟ್ ಹಾಸು ಇದೆ. ಮೂರು ಮೀಟರ್. ಗೋಡೆ ಬುಡ ಕೊರೆಯಬಾರದು ಅಂತ ಹಾಕಿಸಿದ್ದು. ಕೆಟ್ಟ ಬೇಸಿಗೆ ಅಂದಿರಲ್ಲ, ಮೂರು ವರ್ಷದ ಹಿಂದೆ ಬಂದಿತ್ತು. ಅದಾದ ಮೇಲೆಯೇ ಆ ಕಲ್ಲಿಗೆ ಅಂಟುವ ಮೀನು ಕಂಡಿಲ್ಲ. ಈಗ ಲೆಕ್ಕ ಹೊಂದುತ್ತಿದೆ.

#5 ತಗಾದೆ ತಮ್ಮಯ್ಯ

ಎಲ್ಲಾ ಸರಿ. ಬೀವರ್ ಅನ್ನುವ ಪ್ರಾಣಿ ಲಕ್ಷಾಂತರ ವರ್ಷಗಳಿಂದ ತೊರೆಗಳಿಗೆ ಅಡ್ಡಕಟ್ಟು ಕಟ್ಟುತ್ತಾ ಬಂದಿದೆ. ಅದು ಕಟ್ಟಿದರೆ ಪ್ರಕೃತಿ, ರೈತ ಕಟ್ಟಿದರೆ ಪಾಪ. ಇದ್ಯಾವ ನ್ಯಾಯ?

#6 ಕಲ್ಲಡಿಯ ಹುಳ

ಒಳ್ಳೆಯ ಪ್ರಶ್ನೆ, ತಗಾದೆ ಆದರೂ.

ಬೀವರ್ ಕಟ್ಟುವುದು ಕಡ್ಡಿ, ಕೊಂಬೆ, ಕೆಸರಿನಿಂದ. ಅದರ ಕಟ್ಟು ಸೋರುತ್ತದೆ. ಪಕ್ಕದಲ್ಲಿ ಸಣ್ಣ ಸಣ್ಣ ಕಾಲುವೆ ಆಗುತ್ತವೆ. ನೆರೆ ಬಂದಾಗ ನೀರು ಮೇಲಿಂದಲೂ ಬದಿಯಿಂದಲೂ ಹರಿಯುತ್ತದೆ, ಆಗ ಮೀನು ದಾಟುತ್ತದೆ. ಕೆಲವು ವರ್ಷಕ್ಕೆ ಬೀವರ್ ಜಾಗ ಬಿಡುತ್ತದೆ, ಕಟ್ಟು ಒಡೆಯುತ್ತದೆ, ಹೂಳು ಹುಲ್ಲುಗಾವಲಾಗುತ್ತದೆ. ಕಾಂಕ್ರೀಟಿಗೆ ಈ ಯಾವ ಗುಣವೂ ಇಲ್ಲ. ಅಲ್ಲಿನ ಮೀನುಗಳು ಸೋರುವ ಕಟ್ಟಿನ ಜೊತೆ ಬಾಳಿ ರೂಢಿಯಾದವು. ಹಾಗಂತ ಬೀವರ್ ಕಟ್ಟು ಯಾವತ್ತೂ ಮೀನನ್ನು ತಡೆಯುವುದಿಲ್ಲ ಅಂತಲ್ಲ. ನೀರು ಕಡಿಮೆ ಇರುವ ವರ್ಷ ತಡೆಯುತ್ತದೆ.

#7 ಗಾಳದ ಗೆಣೆಯ

ನಾನು ಮೀನು ಹಿಡಿಯುವವನು, ತಪ್ಪೊಪ್ಪಿಕೊಳ್ಳುತ್ತೇನೆ. ನಾನು ಹೋಗುವ ತೊರೆಗೂ ಇಂಥದ್ದೇ ಗೋಡೆ ಬಂತು. ಮೊದಲ ಎರಡು ವರ್ಷ ಹಬ್ಬ. ಗೋಡೆ ಬುಡದಲ್ಲಿ ಗಾಳ ಹಾಕಿದರೆ ಸಾಕು, ಸಾಲು ಸಾಲು ಮೀನು. ಮೀನು ಹೆಚ್ಚಾಗಿದೆ ಅಂದುಕೊಂಡೆ. ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಮೂರನೇ ವರ್ಷ ಅರ್ಧ. ಐದನೇ ವರ್ಷ ಸುಮ್ನೆ ಕೂತು ಎದ್ದು ಬಂದೆ.

ಹೆಚ್ಚಾಗಿರಲಿಲ್ಲ, ಒಂದೇ ಕಡೆ ಸಿಕ್ಕಿಬಿದ್ದಿದ್ದವು. ಅದು ಅರ್ಥವಾಗುವ ಹೊತ್ತಿಗೆ ನಾನೇ ಅರ್ಧ ಖಾಲಿ ಮಾಡಿದ್ದೆ. ಉಳಿದ ಅರ್ಧ ಬಕ ಪಕ್ಷಿಗಳ ಪಾಲು.

#8 ಕೆಸರುಕಾಲು

ಬಕ ಪಕ್ಷಿಗೂ ಹೊಟ್ಟೆ ಇದೆ.

ಒಂದು ವಿಷಯ ಮಾತ್ರ ಯಾರೂ ಹೇಳುತ್ತಿಲ್ಲ. ಬೇಸಿಗೆಯಲ್ಲಿ ಇಡೀ ಹಳ್ಳ ಒಣಗಿದಾಗ ನೀರು ಉಳಿಯುವುದು ಗೋಡೆ ಹಿಂದಿನ ಗುಂಡಿಯಲ್ಲಿ ಮಾತ್ರ. ಇರುವ ಮೀನು ಬದುಕುವುದೂ ಅಲ್ಲೇ. ಕಪ್ಪೆ, ಆಮೆ, ನೀರು ಕುಡಿಯಲು ಬರುವ ಪ್ರಾಣಿ ಎಲ್ಲಾ ಅಲ್ಲೇ. ನಮ್ಮ ಗೋಡೆ ಹಿಂದೆ ಏಪ್ರಿಲ್‌ನಲ್ಲಿ ನಾನೇ ನೋಡಿದ್ದೇನೆ. ಇದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲವಾ?

#9 ಕಲ್ಲಡಿಯ ಹುಳ

ತಗೊಳ್ಳುತ್ತೇನೆ. ನಿಮ್ಮ ಮಾತು ನಿಜ. ಒಣಗುವ ಹಳ್ಳಗಳಲ್ಲಿ ಉಳಿದ ಗುಂಡಿಗಳೇ ಜೀವಿಗಳಿಗೆ ಆಸರೆ. ಆದರೆ ಹಳ್ಳಕ್ಕೆ ಮೊದಲು ತನ್ನದೇ ಮಡುಗಳಿದ್ದವು. ಬಂಡೆಯ ತಿರುವಿನಲ್ಲಿ, ಮರದ ಬೇರಿನ ಕೆಳಗೆ. ಗೋಡೆಯ ಹಿಂದೆ ನೀರು ನಿಂತಾಗ ಅಲ್ಲಿದ್ದ ಮಡುಗಳು ಹೂಳಿನಿಂದ ಮುಚ್ಚಿಹೋಗುತ್ತವೆ. ಹತ್ತು ಆಳದ ಮಡು ಹೋಗಿ ಒಂದು ಅಗಲದ ತೆಳು ಗುಂಡಿ ಬರುತ್ತದೆ. ಅದರ ಮೇಲೆ ನೆರಳು ಇರುವುದಿಲ್ಲ, ಬಿಸಿಲು ನೇರ ಬೀಳುತ್ತದೆ.

ನಿಮ್ಮ ಗುಂಡಿ ಎಷ್ಟು ಆಳ ಉಳಿದಿದೆ ಈಗ? ಕೋಲು ಇಳಿಸಿ ನೋಡಿದ್ದೀರಾ?

#10 ಕೆಸರುಕಾಲು

ನೋಡಿಲ್ಲ. ನೋಡಿ ಹೇಳುತ್ತೇನೆ.

#11 ಮುಗ್ಧ ಮಿಡತೆ

ನಾನು ಹೊಸಬಳು. ಬೇಸಿಗೆಯಲ್ಲಿ ನೀರು ಬಿಸಿಯಾಗುತ್ತದೆ ಅನ್ನುವುದು ಗೊತ್ತು. ಆದರೆ ಅಣೆಕಟ್ಟಿನಿಂದ ಬರುವ ನೀರು ತಣ್ಣಗಿರುತ್ತದೆ, ಅದರಿಂದಲೇ ಮೀನಿಗೆ ತೊಂದರೆ ಅಂತ ಎಲ್ಲೋ ಓದಿದ್ದೆ. ಯಾವುದು ಸರಿ?

#12 ಸಿಮೆಂಟ್ ಸಾಹೇಬ

ಎರಡೂ ಸರಿ ಮೇಡಂ. ದೊಡ್ಡ ಅಣೆಕಟ್ಟಿನಲ್ಲಿ ನೀರು ಪದರ ಪದರವಾಗಿ ನಿಲ್ಲುತ್ತದೆ. ಮೇಲೆ ಬೆಚ್ಚಗೆ, ತಳದಲ್ಲಿ ತಣ್ಣಗೆ. ತೂಬು ತಳದಲ್ಲಿದ್ದರೆ ಕೆಳಗಿನ ಹೊಳೆಗೆ ಬೇಸಿಗೆಯಲ್ಲೂ ತಣ್ಣೀರು. ಸಣ್ಣ ಗೋಡೆಯಲ್ಲಿ ನೀರು ಉಕ್ಕಿ ಹೋಗುವುದು ಮೇಲಿನಿಂದ. ಬಿಸಿಲಿಗೆ ಕಾದ ತೆಳು ನೀರು ಅದು. ಹಾಗಾಗಿ ಕೆಳಗಿನ ಹಳ್ಳ ಬೆಚ್ಚಗಾಗುತ್ತದೆ.

#13 ಕಲ್ಲಡಿಯ ಹುಳ

ಸಾಹೇಬರ ಮಾತಿಗೆ ಒಂದು ಸಂಖ್ಯೆ ಸೇರಿಸುತ್ತೇನೆ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಏರಿದರೆ ಅದು ಸುಮಾರು ಏಳೂವರೆಗೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ಮೈ ಬಿಸಿಯಾಗಿ ಅದಕ್ಕೆ ಜಾಸ್ತಿ ಆಮ್ಲಜನಕ ಬೇಕಾಗುತ್ತದೆ. ಸಿಗುವುದು ಕಡಿಮೆ, ಬೇಕಾದದ್ದು ಜಾಸ್ತಿ. ಹರಿಯುವ ನೀರು ಕಲ್ಲಿಗೆ ಬಡಿದು ಗಾಳಿ ಸೇರಿಸಿಕೊಳ್ಳುತ್ತದೆ, ನಿಂತ ನೀರಿಗೆ ಆ ಅನುಕೂಲವೂ ಇಲ್ಲ. ತಳದಲ್ಲಿ ಎಲೆ ಕೊಳೆತು ಇದ್ದದ್ದನ್ನೂ ಎಳೆದುಕೊಳ್ಳುತ್ತದೆ.

ಇನ್ನು ಹುಳಗಳ ಕಥೆ. (ನನಗೆ ಮೀನಿಗಿಂತ ಇವೇ ಇಷ್ಟ.) ಮೇಫ್ಲೈ ಅನ್ನುವ ಕೀಟದ ಮರಿಗಳಲ್ಲಿ ಕೆಲವು ಚಪ್ಪಟೆ ಮೈಯವು, ಕಲ್ಲಿಗೆ ಅಂಟಿ ಕೂರುತ್ತವೆ. ಹರಿವು ಕಿವಿರುಗಳ ಮೇಲೆ ಹಾದರೆ ಮಾತ್ರ ಉಸಿರು. ನೀರು ನಿಂತ ದಿನವೇ ಅವು ಜಾಗ ಖಾಲಿ ಮಾಡುತ್ತವೆ. ಕ್ಯಾಡಿಸ್ ಅನ್ನುವ ಇನ್ನೊಂದು ಕೀಟದ ಮರಿಗಳಲ್ಲಿ ಕೆಲವು ಕಲ್ಲಿನ ಸಂದಿಯಲ್ಲಿ ಜೇಡನ ಹಾಗೆ ಬಲೆ ನೇಯುತ್ತವೆ. ಹರಿದು ಬಂದ ಊಟ ಬಲೆಗೆ ಬೀಳಬೇಕು. ನಿಂತ ನೀರಿನಲ್ಲಿ ಬಲೆ ಖಾಲಿ.

ಗಮ್ಮತ್ತು ಏನೆಂದರೆ, ಗೋಡೆಯ ಕೆಳಗೆ ಇದೇ ಬಲೆ ನೇಯುವ ಹುಳಗಳು ವಿಪರೀತ ಹೆಚ್ಚಾಗಬಹುದು. ಮೇಲಿನ ನಿಂತ ನೀರಿನಲ್ಲಿ ಬೆಳೆದ ಸಣ್ಣ ಪಾಚಿ, ಸೂಕ್ಷ್ಮ ಜೀವಿಗಳು ಉಕ್ಕಿ ಬಂದು ಅವಕ್ಕೆ ಪುಕ್ಕಟೆ ಊಟ. ಅಲ್ಲಿ ಬಂದು ತಲೆ ಎಣಿಸಿದವರು "ಜೀವಿಗಳು ಹೆಚ್ಚಾಗಿವೆ" ಅಂತ ಬರೆದುಕೊಂಡು ಹೋಗುತ್ತಾರೆ. ಎಷ್ಟು ಬಗೆ ಇವೆ ಅಂತ ನೋಡಿದರೆ ಬೇರೆಯೇ ಕಥೆ.

#14 ತಗಾದೆ ತಮ್ಮಯ್ಯ

ಹುಳಕ್ಕೆ ಇಷ್ಟು ದೊಡ್ಡ ಕಥೆಯಾ.

#15 ಗಾಳದ ಗೆಣೆಯ

ತಮ್ಮಯ್ಯನವರೇ, ಆ ಹುಳ ತಿಂದೇ ಮೀನು ಬೆಳೆಯುವುದು. ಮೀನು ಬೇಕು, ಹುಳ ಬೇಡ ಅಂದರೆ ಹೇಗೆ?

#16 ಮುಗ್ಧ ಮಿಡತೆ

ಹಾವುಮೀನು ಗೋಡೆ ಹತ್ತುತ್ತದೆ ಅಂತಾರಲ್ಲ, ನಿಜವಾ? ಹಾಗಾದರೆ ಬೇರೆ ಮೀನಿಗೆ ಯಾಕೆ ಆಗುವುದಿಲ್ಲ?

#17 ಏಡಿಕೊಂಡಿ

ನಿಜ. ನಾನು ಕಣ್ಣಾರೆ ನೋಡಿದ್ದೇನೆ. ಟಾರ್ಚ್ ಹಿಡಿದು ರಾತ್ರಿ ಹೋಗಬೇಕು. ಪೆನ್ಸಿಲಿಗಿಂತ ತೆಳ್ಳಗಿನ ಮರಿಗಳು ಒದ್ದೆ ಪಾಚಿಯ ಗೋಡೆಗೆ ಮೈ ಅಂಟಿಸಿಕೊಂಡು ಹೊರಳಿ ಹೊರಳಿ ಏರುತ್ತವೆ. ಈಲ್ ಜಾತಿಯ ಮೀನು ಸಮುದ್ರದಲ್ಲಿ ಹುಟ್ಟಿ ಹೊಳೆಗೆ ಬಂದು ಬೆಳೆಯುತ್ತದೆ, ಮೊಟ್ಟೆ ಇಡಲು ಮತ್ತೆ ಸಮುದ್ರಕ್ಕೆ. ಯುರೋಪಿನ ಈಲ್‌ಗಳು ಅಟ್ಲಾಂಟಿಕ್‌ನ ಸರ್ಗಾಸೊ ಸಮುದ್ರದವರೆಗೆ ಹೋಗುತ್ತವೆ. ಆದರೆ ಗೋಡೆ ಒರಟಾಗಿರಬೇಕು, ಒದ್ದೆ ಇರಬೇಕು, ಮರಿ ಚಿಕ್ಕದಿರಬೇಕು. ನುಣುಪು ಗೋಡೆ, ಮೇಲೆ ಚಾಚಿದ ತುಟಿ ಇದ್ದರೆ ಮುಗಿಯಿತು. ಕೆಲವು ಕಡೆ ಗೋಡೆ ಬದಿಯಲ್ಲಿ ಬ್ರಷ್‌ನ ಹಾಗೆ ಎಳೆ ಇರುವ ಹಲಗೆ ಇಳಿಜಾರಾಗಿ ಇಟ್ಟು ನೀರು ಜಿನುಗಿಸುತ್ತಾರೆ. ಅದನ್ನು ಹಿಡಿದು ಹತ್ತುತ್ತವೆ.

ಹವಾಯಿಯಲ್ಲಿ ಒಂದು ಗೋಬಿ ಮೀನು ಇದೆ. ಬಾಯಿಯನ್ನೂ ಹೊಟ್ಟೆಯ ಅಂಟುಬಟ್ಟಲನ್ನೂ ಬಳಸಿ ಜಲಪಾತವನ್ನೇ ಹತ್ತುತ್ತದೆ. ಸೀಗಡಿ ಮರಿಗಳೂ ಹತ್ತುತ್ತವೆ. ಇವರೆಲ್ಲ ಹತ್ತುವ ಕಸುಬಿನವರು. ಈಜುವ ಕಸುಬಿನವರಿಗೆ ಆ ವಿದ್ಯೆ ಬರುವುದಿಲ್ಲ.

ಸೀಗಡಿ ಅಂದಾಗ ನೆನಪಾಯಿತು. ಪೋರ್ಟೊ ರಿಕೊ ದ್ವೀಪದ ತೊರೆಗಳಲ್ಲಿ ಸೀಗಡಿ ಮರಿಗಳು ಹುಟ್ಟಿದ ತಕ್ಷಣ ಹರಿವಿನ ಜೊತೆ ಸಮುದ್ರದ ಕಡೆ ತೇಲಿಹೋಗುತ್ತವೆ, ಆಮೇಲೆ ಹತ್ತಿ ವಾಪಸ್ ಬರುತ್ತವೆ. ಅಲ್ಲಿ ಒಂದು ಸಣ್ಣ ಅಡ್ಡಗೋಡೆಯ ಹತ್ತಿರ ಕುಡಿಯುವ ನೀರು ಎತ್ತುತ್ತಿದ್ದರು. ಆ ನೀರಿನ ಜೊತೆ ಮರಿಗಳೂ ಕೊಳವೆಗೆ ಸೇರಿಹೋಗುತ್ತಿದ್ದವು. ವಿಜ್ಞಾನಿಗಳು ಎಣಿಸಿ ನೋಡಿದಾಗ ಮರಿಗಳು ತೇಲುವುದು ಹೆಚ್ಚಾಗಿ ಕತ್ತಲಾದ ಮೇಲಿನ ಕೆಲವು ಗಂಟೆಗಳಲ್ಲಿ ಅಂತ ಗೊತ್ತಾಯಿತು. ಆ ಹೊತ್ತು ನೀರು ಎತ್ತುವುದನ್ನು ನಿಲ್ಲಿಸಿದರೆ ಬಹಳ ಮರಿ ಉಳಿಯುತ್ತವೆ ಅಂದರು. ಗೋಡೆ ಒಡೆಯಿರಿ ಅನ್ನಲಿಲ್ಲ ನೋಡಿ. ಗಂಟೆ ನೋಡಿ ಪಂಪ್ ನಿಲ್ಲಿಸಿ ಅಂದರು ಅಷ್ಟೇ.

#18 ಹಳ್ಳದಂಚು

ಇದು ನನಗೆ ತಾಗಿತು. ನಮ್ಮದೂ ಪಂಪ್ ಇದೆ ಗೋಡೆ ಹಿಂದೆ. ಓಡಿಸುವುದು ರಾತ್ರಿಯೇ.

#19 ಕೆಸರುಕಾಲು

ಕರೆಂಟು ಬರುವುದೇ ರಾತ್ರಿ. ಸೀಗಡಿ ಕೇಳಿ ಪಂಪ್ ಓಡಿಸಕ್ಕಾಗತ್ತಾ?

#20 ಸಿಮೆಂಟ್ ಸಾಹೇಬ

ಪಂಪಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿಯ ಪಂಜರ ಹಾಕಿ, ಪಂಜರ ಎಷ್ಟು ದೊಡ್ಡದಿದ್ದರೆ ಅಷ್ಟು ಒಳ್ಳೆಯದು. ಆಗ ಸೆಳೆತ ಹರಡಿಹೋಗುತ್ತದೆ, ಮೀನುಮರಿ ಅಂಟಿಕೊಳ್ಳುವುದಿಲ್ಲ. ಸೀಗಡಿಯ ತೀರಾ ಸಣ್ಣ ಮರಿ ಅದರಲ್ಲೂ ತೂರುತ್ತದೆ, ನಿಜ. ಪಂಪಿಗೆ ಕಸ ಸಿಕ್ಕುವುದಂತೂ ತಪ್ಪುತ್ತದೆ.

ಈಗ ಗೋಡೆ ವಿಷಯ. ನನ್ನ ಕಸುಬೇ ಇದು, ಇಂಥ ಗೋಡೆ ನಾನೂ ಕಟ್ಟಿಸಿದ್ದೇನೆ. ಎಲ್ಲರೂ ಕೇಳುವುದು "ಮೀನಿನ ಏಣಿ ಹಾಕಿಸಿದರೆ ಆಯಿತಲ್ಲ" ಅಂತ. ಏಣಿ ಅಂದರೆ ಮೆಟ್ಟಿಲು ಮೆಟ್ಟಿಲಾಗಿ ತೊಟ್ಟಿಗಳು, ಒಂದರಿಂದ ಒಂದಕ್ಕೆ ಮೀನು ಹಾರಿ ಹೋಗಬೇಕು. ಈ ವಿನ್ಯಾಸ ಬೆಳೆದದ್ದು ಸಾಲ್ಮನ್‌ನಂಥ ಬಲವಾದ, ಹಾರುವ ಮೀನಿಗಾಗಿ. ಬೆರಳುದ್ದದ, ತಳ ಹಿಡಿದು ಸಾಗುವ ಮೀನಿಗೆ ಅದು ಇನ್ನೊಂದು ಗೋಡೆ. ಎಷ್ಟೋ ಕಡೆ ಏಣಿಯ ಬಾಯಿ ಎಲ್ಲಿದೆ ಅಂತ ಮೀನಿಗೆ ಗೊತ್ತೇ ಆಗುವುದಿಲ್ಲ. ಅದು ಹುಡುಕುವುದು ಜೋರು ಹರಿವನ್ನು. ನೀರೆಲ್ಲ ಗೋಡೆಯ ಆ ತುದಿಯಲ್ಲಿ ಧುಮುಕುತ್ತಿದ್ದರೆ ಈ ತುದಿಯ ಏಣಿಗೆ ಯಾರು ಬರುತ್ತಾರೆ?

ಸಣ್ಣ ಗೋಡೆಗೆ ಕಲ್ಲಿನ ಇಳಿಜಾರು ಒಳ್ಳೆಯದು. ಗೋಡೆಯ ಕೆಳಗೆ ದೊಡ್ಡ ಬಂಡೆ, ನಡುವೆ ಸಣ್ಣ ಕಲ್ಲು ತುಂಬಿ ಹಳ್ಳದ ಹಾಗೇ ಮಾಡುವುದು. ಇಪ್ಪತ್ತು ಮೀಟರಿಗೆ ಒಂದು ಮೀಟರ್ ಏರು, ಅದಕ್ಕಿಂತ ಕಡಿದಾಗಬಾರದು. ಹಳ್ಳದಂಚು ಅವರ ಒಂದೂವರೆ ಮೀಟರಿಗೆ ಮೂವತ್ತು ಮೀಟರ್ ಉದ್ದ ಬೇಕು. ಕಲ್ಲು ಬಹಳ ಬೇಕು. ಅದಕ್ಕೇ ಯಾರೂ ಮಾಡುವುದಿಲ್ಲ.

ಇನ್ನೊಂದು, ಗೋಡೆಯ ಕೆಳಗೆ ಹಳ್ಳದ ತಳ ಇಳಿದಿದೆಯಾ ನೋಡಿ. ಮರಳು, ಜಲ್ಲಿ ಎಲ್ಲಾ ಗೋಡೆ ಹಿಂದೆ ನಿಂತರೆ ಕೆಳಗೆ ಬರುವುದು ಬರಿಗೈ ನೀರು. ಹೊತ್ತು ತಂದ ಮಣ್ಣು ಕೆಳಗಿಳಿಸಿ ಬಂದ ನೀರಿಗೆ ಕೆಳಗಿನ ತಳವನ್ನೇ ಕೊರೆಯುವ ಶಕ್ತಿ ಉಳಿದಿರುತ್ತದೆ. ನಮ್ಮ ಕಸುಬಿನಲ್ಲಿ ಅದಕ್ಕೆ ಹಸಿದ ನೀರು ಅಂತಲೇ ಕರೆಯುತ್ತಾರೆ. ಸಣ್ಣ ಜಲ್ಲಿ ಕೊಚ್ಚಿಹೋಗಿ ದೊಡ್ಡ ಕಲ್ಲು ಮಾತ್ರ ಉಳಿಯುತ್ತದೆ, ಮೊಟ್ಟೆ ಇಡುವ ಜಾಗ ಹೋಗುತ್ತದೆ.

#21 ಹಳ್ಳದಂಚು

ಇಳಿದಿದೆ ಸಾಹೇಬರೇ. ಹಾಸಿನ ಅಂಚಿನಿಂದ ಮೊಣಕಾಲಿನಷ್ಟು. ಅಂದರೆ ಮೀನಿಗೆ ಮೊದಲು ಹಾಸು ಹತ್ತುವುದೇ ಕಷ್ಟ, ಆಮೇಲೆ ಗೋಡೆ. ಎರಡು ಹಂತ.

#22 ಜೋಗುಳ

ಯಾರಾದರೂ ಮಕ್ಕಳ ವಿಷಯ ಹೇಳಿ ದಯವಿಟ್ಟು. ಬುಟ್ಟಿ ಹಿಡಿದು ಗೋಡೆ ಬುಡಕ್ಕೆ ಹೋದರು ಅಂತ ಓದಿ ಎದೆ ಧಸಕ್ ಅಂದಿತು. ನೆರೆ ಇದ್ದಾಗ ಇಂಥ ಸಣ್ಣ ಗೋಡೆಗಳ ಬುಡದಲ್ಲಿ ನೀರು ಉರುಳಿ ಉರುಳಿ ವಾಪಸ್ ಗೋಡೆಯ ಕಡೆಗೇ ಎಳೆಯುತ್ತದೆ. ಬಿದ್ದವರು ಮೇಲೆ ಬಂದಷ್ಟೂ ಮತ್ತೆ ಒಳಗೆ. ಈಜು ಬಲ್ಲ ದೊಡ್ಡವರೇ ಮುಳುಗುತ್ತಾರೆ. ನೋಡಲು ಸಣ್ಣ ಧಾರೆ, ಅದಕ್ಕೇ ಯಾರೂ ಹೆದರುವುದಿಲ್ಲ.

#23 ಸಿಮೆಂಟ್ ಸಾಹೇಬ

ನೂರಕ್ಕೆ ನೂರು ನಿಜ. ಎತ್ತಿ ಹೇಳಿದ್ದಕ್ಕೆ ಥ್ಯಾಂಕ್ಸ್ ಮೇಡಂ.

#24 ಹಳ್ಳದಂಚು

ಆ ದಿನ ಮೊಣಕಾಲು ನೀರು ಅಷ್ಟೇ ಇತ್ತು. ಆದರೂ ಮನೆಯಲ್ಲಿ ಹೇಳಿದ್ದೇನೆ, ಮಳೆಗಾಲದಲ್ಲಿ ಆ ಕಡೆ ಸುಳಿಯಬಾರದು ಅಂತ.

#25 ತಗಾದೆ ತಮ್ಮಯ್ಯ

ಸರಿ, ಎಲ್ಲರೂ ಸೇರಿ ಗೋಡೆಯನ್ನು ಕಟಕಟೆಯಲ್ಲಿ ನಿಲ್ಲಿಸಿದಿರಿ. ನಾನು ಅದರ ವಕೀಲ. ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ ಲ್ಯಾಂಪ್ರಿ ಅಂತ ಒಂದು ರಕ್ತ ಹೀರುವ ಮೀನು ಹೊರಗಿನಿಂದ ಬಂದು ಅಲ್ಲಿನ ಟ್ರೌಟ್ ಮೀನುಗಳನ್ನು ಬಲಿ ಹಾಕಿತು. ಅದು ಮೊಟ್ಟೆ ಇಡಲು ತೊರೆಗಳಿಗೆ ಹೋಗುತ್ತದೆ, ಆದರೆ ಚೆನ್ನಾಗಿ ಜಿಗಿಯಲು ಬರುವುದಿಲ್ಲ. ಅದನ್ನು ತಡೆಯುವುದಕ್ಕೇ ತೊರೆಗಳಲ್ಲಿ ತಗ್ಗಿನ ಗೋಡೆಗಳನ್ನು ಇಟ್ಟುಕೊಂಡಿದ್ದಾರೆ. ಆ ಗೋಡೆ ಒಡೆದರೆ ಅಲ್ಲಿನ ಮೀನುಗಾರರು ಅಳುತ್ತಾರೆ. ಈಗ ಹೇಳಿ.

#26 ಕಲ್ಲಡಿಯ ಹುಳ

ವಕೀಲರು ಚೆನ್ನಾಗಿ ಓದಿಕೊಂಡು ಬಂದಿದ್ದಾರೆ. ಒಪ್ಪಿದೆ. ಬ್ರಿಟನ್ನಿನಲ್ಲೂ ಹೊರಗಿನಿಂದ ಬಂದ ಸಿಗ್ನಲ್ ಕ್ರೇಫಿಶ್ (ಸೀಗಡಿಯಂಥ, ಕೊಂಡಿ ಇರುವ ಪ್ರಾಣಿ) ಮೇಲಕ್ಕೆ ಹೋಗದಂತೆ ಕೆಲವು ತಡೆಗಳನ್ನು ಉಳಿಸಿಕೊಳ್ಳುವ ಮಾತಿದೆ. ಗೋಡೆ ಯಾರನ್ನು ತಡೆಯುತ್ತಿದೆ ಅನ್ನುವುದನ್ನು ನೋಡದೆ ಒಡೆಯಬಾರದು. ಹಳ್ಳದಂಚು ಅವರೇ, ನಿಮ್ಮ ಹಳ್ಳದ ಕೆಳಗೆ ಯಾರಾದರೂ ಹೊರಗಿನ ಮೀನು ಸಾಕುತ್ತಿದ್ದಾರಾ?

ಆದರೆ ಲ್ಯಾಂಪ್ರಿ ಗೋಡೆಗಳು ಲೆಕ್ಕ ಹಾಕಿ ಇಟ್ಟವು. ಉಳಿದವು ಹೇಗೆ? ಯುರೋಪಿನ 36 ದೇಶಗಳ ಹೊಳೆಗಳಲ್ಲಿ ಏನೇನು ಅಡ್ಡ ಇದೆ ಅಂತ 2020ರಲ್ಲಿ ಲೆಕ್ಕ ಹೊರಬಿತ್ತು. ಕಡಿಮೆ ಅಂದರೂ 12 ಲಕ್ಷ. ಅದರಲ್ಲಿ ನೂರಕ್ಕೆ 68 ಎರಡು ಮೀಟರಿಗಿಂತ ತಗ್ಗಿನವು. ಅಂದರೆ ನಿಮ್ಮ ಗೋಡೆಯಂಥವೇ. ಎಷ್ಟೋ ಸರ್ಕಾರಿ ಪಟ್ಟಿಯಲ್ಲೇ ಇರಲಿಲ್ಲ, ಹೊಳೆ ಉದ್ದಕ್ಕೂ ನಡೆದು ಎಣಿಸಿದಾಗ ಸಿಕ್ಕಿದವು. ಒಂದು ಗೋಡೆಯನ್ನು ನೂರರಲ್ಲಿ ಎಂಬತ್ತು ಮೀನು ದಾಟುತ್ತವೆ ಅಂದುಕೊಳ್ಳಿ. ಅಂಥದ್ದೇ ಐದು ಗೋಡೆ ಸಾಲಾಗಿ ಇದ್ದರೆ ಮೇಲೆ ತಲುಪುವುದು ಮೂವತ್ತಮೂರು. ಗೋಡೆ ಕಟ್ಟಿದ ಐದೂ ಜನ "ನಮ್ಮದರಿಂದ ಏನೂ ಆಗಿಲ್ಲ" ಅನ್ನುತ್ತಾರೆ. ಒಬ್ಬೊಬ್ಬರ ಮಟ್ಟಿಗೆ ಅದು ಸುಳ್ಳಲ್ಲ ಕೂಡ.

#27 ಕೆಸರುಕಾಲು

ಕೋಲು ಇಳಿಸಿ ನೋಡಿದೆ. ನಮ್ಮದು ಎರಡು ಮೀಟರ್ ಗೋಡೆ. ನೀರು ಅರವತ್ತು ಸೆಂಟಿಮೀಟರ್. ಉಳಿದದ್ದೆಲ್ಲ ಮೆತ್ತಗಿನ ಕೆಸರು. ನಾನು ಇಷ್ಟು ದಿನ ನೀರು ನಿಲ್ಲಿಸಿದ್ದೇನೆ ಅಂದುಕೊಂಡಿದ್ದೆ, ಮಣ್ಣು ನಿಲ್ಲಿಸಿದ್ದೇನೆ.

ಜಾಸ್ತಿ ಖುಷಿ ಪಡಬೇಡಿ ಯಾರೂ.

#28 ಏಡಿಕೊಂಡಿ

ಖುಷಿ ಇಲ್ಲ ಅಣ್ಣಾ, ಕೋಲು ಇಳಿಸಿ ಬಂದು ಹೇಳಿದಿರಲ್ಲ, ದೊಡ್ಡದು.

ನಾನು ಇನ್ನೊಂದು ವಿಷಯಕ್ಕೆ ಬಂದೆ. ಹಳ್ಳದ ಕಪ್ಪೆಚಿಪ್ಪುಗಳ ಬಗ್ಗೆ ಯಾರೂ ಮಾತಾಡಲಿಲ್ಲ. ಸಿಹಿನೀರಿನ ಅನೇಕ ಕಪ್ಪೆಚಿಪ್ಪುಗಳ ಮರಿ ಹುಟ್ಟಿದ ಮೇಲೆ ಕೆಲವು ವಾರ ಮೀನಿನ ಕಿವಿರಿಗೆ ಅಂಟಿಕೊಂಡು ಬೆಳೆಯಬೇಕು. ಮೀನು ಹೋದಲ್ಲಿಗೆ ಹೋಗಿ ಅಲ್ಲಿ ಉದುರಿ ತಳ ಸೇರುತ್ತದೆ. ಅದಕ್ಕೂ ಯಾವ ಮೀನಾದರೂ ನಡೆಯುವುದಿಲ್ಲ, ಕೆಲವಕ್ಕೆ ಒಂದೆರಡು ಜಾತಿ ಮಾತ್ರ. ಯುರೋಪಿನ ಮುತ್ತಿನ ಚಿಪ್ಪಿಗೆ ಸಾಲ್ಮನ್ ಅಥವಾ ಟ್ರೌಟೇ ಬೇಕು. ಗೋಡೆ ಬಂದು ಮೀನು ನಿಂತರೆ ಮೇಲಿನ ಚಿಪ್ಪುಗಳಿಗೆ ತಕ್ಷಣ ಏನೂ ಆಗುವುದಿಲ್ಲ. ಆ ಜಾತಿ ನೂರು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಹೋಗಿ ನೋಡಿದರೆ ತಳದ ತುಂಬಾ ಚಿಪ್ಪು. ಎಲ್ಲಾ ಮುದುಕರು. ಮರಿ ಒಂದೂ ಇಲ್ಲ.

#29 ಮುಗ್ಧ ಮಿಡತೆ

ಅಯ್ಯೋ. ಮಕ್ಕಳು ಊರು ಬಿಟ್ಟ ಮನೆಗಳ ಹಾಗೆ.

#30 ಗಾಳದ ಗೆಣೆಯ

ಗೋಡೆ ತೆಗೆದರೆ ಮೀನು ವಾಪಸ್ ಬರುತ್ತವಾ? ಅದು ಮುಖ್ಯ.

#31 ಕಲ್ಲಡಿಯ ಹುಳ

ಬರುತ್ತವೆ, ಕೆಳಗೆ ಎಲ್ಲಾದರೂ ಉಳಿದಿದ್ದರೆ. ಅಮೆರಿಕದ ಮೇನ್ ರಾಜ್ಯದ ಕೆನೆಬೆಕ್ ಹೊಳೆಗೆ 1837ರಲ್ಲಿ ಎಡ್ವರ್ಡ್ಸ್ ಅನ್ನುವ ಅಣೆಕಟ್ಟು ಕಟ್ಟಿದ್ದರು. ಏಳು ಮೀಟರ್ ಎತ್ತರ, ತೀರಾ ದೊಡ್ಡದೇನಲ್ಲ. 1999ರಲ್ಲಿ ತೆಗೆದರು. ನೂರಾ ಅರವತ್ತು ವರ್ಷ ಮುಚ್ಚಿದ್ದ ದಾರಿ. ಆಲ್‌ವೈಫ್ ಅನ್ನುವ ಮೀನು ಕೆಲವೇ ವರ್ಷಗಳಲ್ಲಿ ಲಕ್ಷಗಟ್ಟಲೆ ಏರಿ ಬಂತು. 2024ರಲ್ಲಿ ಅಮೆರಿಕದ್ದೇ ಕ್ಲಾಮತ್ ಹೊಳೆಯ ನಾಲ್ಕು ಅಣೆಕಟ್ಟು ತೆಗೆದು ಮುಗಿಸಿದ ಕೆಲವೇ ವಾರಗಳಲ್ಲಿ ಸಾಲ್ಮನ್ ಮೇಲೆ ಕಾಣಿಸಿಕೊಂಡವು.

#32 ಸಿಮೆಂಟ್ ಸಾಹೇಬ

ಇನ್ನೊಂದು ಮುಖವನ್ನೂ ಹೇಳಿ ಹುಳದವರೇ. 1973ರಲ್ಲಿ ಅಮೆರಿಕದ ಹಡ್ಸನ್ ಹೊಳೆಯ ಫೋರ್ಟ್ ಎಡ್ವರ್ಡ್ ಅಣೆಕಟ್ಟು ತೆಗೆದಾಗ ಅದರ ಹಿಂದೆ ಹೂಳಿನಲ್ಲಿ ಕೂತಿದ್ದ ಪಿಸಿಬಿ ಅನ್ನುವ ಕಾರ್ಖಾನೆ ವಿಷ ಕೆಳಗೆಲ್ಲ ಹರಡಿತು. ಹೂಳಿನಲ್ಲಿ ಏನಿದೆ ಅಂತ ನೋಡದೆ ಹಾರೆ ಎತ್ತಬಾರದು. ಹಳ್ಳದಂಚು ಅವರು ಔಷಧಿ ಹೊಡೆಯುವ ಮಾತು ಬೇರೆ ಎತ್ತಿದ್ದಾರೆ. ಮೇಲೆ ಯಾವ ಬೆಳೆ, ಏನು ಹೊಡೆಯುತ್ತಾರೆ, ಕೇಳಿ ನೋಡಲಿ. ವಿಷ ಇಲ್ಲದಿದ್ದರೂ ಕೆಸರು ಒಂದೇ ಸಲ ಹೋದರೆ ಕೆಳಗಿನ ಮೊಟ್ಟೆಗಳೆಲ್ಲ ಹೂತುಹೋಗುತ್ತವೆ.

#33 ತಗಾದೆ ತಮ್ಮಯ್ಯ

ನೋಡಿದಿರಾ, ಕೊನೆಗೆ ನನ್ನ ಕಕ್ಷಿಗಾರನಿಗೆ ಜಾಮೀನು ಸಿಕ್ಕಿತು.

#34 ಹಳ್ಳದಂಚು

ಗೋಡೆ ಒಡೆಯುವ ಮಾತೇ ಇಲ್ಲ. ನಾಲ್ಕು ಮನೆಯವರೂ ಒಪ್ಪುವುದಿಲ್ಲ, ನನಗೂ ಬಾವಿ ನೀರು ಬೇಕು. ಕೆಳಗೆ ಮೀನು ಸಾಕುವವರು ಯಾರೂ ಇಲ್ಲ, ವಿಚಾರಿಸಿದೆ. ಮೇಲೆ ಇರುವುದು ಕುರುಚಲು ಕಾಡು ಮಾತ್ರ, ಔಷಧಿ ಹೊಡೆಯುವ ತೋಟಗಳೆಲ್ಲ ಕೆಳಗೆ. ಹಲಗೆ ಮಾತ್ರ ತೆಗೆದರೆ ಪ್ರಯೋಜನ ಇದೆಯಾ? ಕಿಂಡಿಯ ಹೊಸ್ತಿಲು ಹಾಸಿನ ಮಟ್ಟಕ್ಕೇ ಇದೆ.

#35 ಸಿಮೆಂಟ್ ಸಾಹೇಬ

ಖಂಡಿತ ಇದೆ. ಕಿಂಡಿ ಇಟ್ಟಿದ್ದೇ ಅದಕ್ಕೆ. ಎಲ್ಲಾ ಒಟ್ಟಿಗೆ ಎಳೆಯಬೇಡಿ. ಮೇಲಿನ ಹಲಗೆ ಮೊದಲು, ಎರಡು ದಿನ ಬಿಟ್ಟು ಇನ್ನೊಂದು. ಹೂಳು ನಿಧಾನಕ್ಕೆ ಇಳಿಯಲಿ. ಕಿಂಡಿಯಲ್ಲಿ ನೀರು ರಭಸವಾಗಿ ನುಗ್ಗುತ್ತದೆ, ಸಣ್ಣ ಮೀನು ಎದುರು ಈಜಲಾರದು. ಒಳಗೆ ತಳದಲ್ಲಿ ನಾಲ್ಕಾರು ಒರಟು ಕಲ್ಲು ಗಾರೆ ಹಾಕಿ ಕೂರಿಸಿದರೆ ಅವುಗಳ ಮರೆಯಲ್ಲಿ ನಿಂತು ನಿಂತು ಹೋಗುತ್ತವೆ. ಹಾಸಿನ ಕೆಳಗೆ ಮೊಣಕಾಲಿನಷ್ಟು ಇಳಿದಿದೆಯಲ್ಲ, ಅಲ್ಲಿಗೆ ಕಲ್ಲಿನ ಇಳಿಜಾರು ಮಾಡಿ. ಮೂವತ್ತು ಮೀಟರ್ ಬೇಡ, ಹತ್ತು ಮೀಟರ್ ಸಾಕು. ಹಾಸಿನ ತುದಿಯಲ್ಲಿ ಗಿಡ್ಡ ಕಲ್ಲುಸಾಲು ಇಟ್ಟರೆ ಹಾಸಿನ ಮೇಲೂ ಒಂದು ಗೇಣು ನೀರು ನಿಲ್ಲುತ್ತದೆ.

#36 ಹಳ್ಳದಂಚು (ಹನ್ನೆರಡು ದಿನದ ನಂತರ)

ವರದಿ ಒಪ್ಪಿಸುತ್ತಿದ್ದೇನೆ.

ಹಾರೆ, ಸುತ್ತಿಗೆ, ಮೂರು ಜನ. ಎಡಗಡೆಯ ಕಿಂಡಿಯ ಹಲಗೆಗಳು ನಾಲ್ಕು, ಒಂದು ಮುರಿಯಿತು. ದಿನ ಬಿಟ್ಟು ದಿನ ತೆಗೆದೆವು. ಬಲಗಡೆಯದು ಜಗ್ಗಲೇ ಇಲ್ಲ, ಬಿಟ್ಟೆವು. ಎರಡು ದಿನ ನೀರು ಕಾಫಿ ಬಣ್ಣ. ಹಾಸಿನ ಕೆಳಗೆ ಕಲ್ಲು ಪೇರಿಸಿದ್ದೇವೆ, ಸಾಹೇಬರು ನೋಡಿದರೆ ಬೈಯಬಹುದು, ಅಂದಾಜಿನಲ್ಲಿ ಮಾಡಿದ್ದು.

ನಿನ್ನೆ ರಾತ್ರಿ ಮಳೆ ಬಂತು. ಬೆಳಿಗ್ಗೆ ಹೋದೆ. ಬುಡದಲ್ಲಿ ಮೀನು ಇವೆ, ಆದರೆ ಹೋದ ಸಲದ ಹಾಗೆ ರಾಶಿ ಇಲ್ಲ. ಕಿಂಡಿಯ ಹತ್ತಿರ ಅರ್ಧ ಗಂಟೆ ಕೂತೆ. ಮೂರು ಸಲ ಏನೋ ಬೆಳ್ಳಗೆ ಮಿಂಚಿ ಕಲ್ಲಿನ ಸಂದಿಯಿಂದ ಮೇಲಕ್ಕೆ ಹೋದ ಹಾಗೆ ಕಂಡಿತು. ಮೀನೇ ಅಂತ ಆಣೆ ಮಾಡಲಾರೆ. ಕಲ್ಲಿಗೆ ಅಂಟುವ ಮೀನು ಸಿಕ್ಕಿಲ್ಲ.

#37 ಕಲ್ಲಡಿಯ ಹುಳ

ಅಂಟುವ ಮೀನು ಇಷ್ಟು ಬೇಗ ಸಿಗುವುದಿಲ್ಲ. ಮೊದಲು ಕಲ್ಲು ತೊಳೆಯಬೇಕು, ಆಮೇಲೆ ಹುಳ ಬರಬೇಕು. ತಿಂಗಳಿಗೊಮ್ಮೆ ಒಂದೇ ಜಾಗದ ಹತ್ತು ಕಲ್ಲು ಎತ್ತಿ, ಕೆಳಗೆ ಏನಿದೆ ಅಂತ ಬರೆದಿಡಿ. ಕಲ್ಲನ್ನು ವಾಪಸ್ ಹಾಗೇ ಇಡುವುದು ಮರೆಯಬೇಡಿ.

#38 ತಗಾದೆ ತಮ್ಮಯ್ಯ

ರಾಶಿ ಕಡಿಮೆ ಆಗಿದ್ದು ಮೇಲೆ ಹೋಗಿದ್ದಕ್ಕೋ, ಹೋದ ಸಲ ಮಕ್ಕಳು ಬಾಚಿದ್ದಕ್ಕೋ? ಸುಮ್ನೆ ಕೇಳಿದೆ.

#39 ಹಳ್ಳದಂಚು

ಅದನ್ನೇ ನಾನೂ ಯೋಚಿಸುತ್ತಿದ್ದೇನೆ ಮಾರಾಯ್ರೆ.

#40 ಕೆಸರುಕಾಲು

ತೆಗೆದ ಹಲಗೆ ಎಲ್ಲಿಟ್ಟಿರಿ? ಹಳ್ಳದ ದಂಡೆಯಲ್ಲಿ ಬಿಟ್ಟರೆ ನೆರೆಗೆ ಹೋಗುತ್ತವೆ. ಒಣಗಿಸಿ, ಎರಡೂ ಅಂಚು ಒಂದು ಬೆರಳು ಕೆತ್ತಿಸಿ, ಎಣ್ಣೆ ಹಚ್ಚಿಡಿ. ಮತ್ತೆ ಕಚ್ಚುವುದಿಲ್ಲ. ನಮ್ಮದಕ್ಕೂ ಬರುವ ವಾರ ಕೈ ಹಾಕುತ್ತೇನೆ. ಆ ಸಾಹೇಬರು ಕಿಂಡಿಯಲ್ಲಿ ಕಲ್ಲು ಕೂರಿಸುವುದು ಹೇಗೆ ಅಂತ ಒಂದು ಚಿತ್ರ ಬರೆದು ಹಾಕಲಿ.